ನನ್ನನ್ನು ನಡೆಸಿದ ಕಂಡಕ್ಟರ್

ನಾರಾಯಣಪೇಟೆಯಲ್ಲಿ ನಮ್ಮ ಎದುರು ಮನೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದರು. ನಾನು ಖಿನ್ನತೆಯಿಂದ ಮಗ್ಗ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳವು. ಗುಳಿಗೆಯ ಜೊತೆಗೆ ನಡಿಗೆಯೂ ಬೇಕೆಂದು ಡಾಕ್ಟರು ಹೇಳಿದ್ದನ್ನು ನನ್ನ ಹೆಂಡತಿ ಆ ಕಂಡಕ್ಟರ ಕಿವಿಗೆ ಹಾಕಿದಳು. ಮರುದಿನ ಬೆಳಿಗ್ಗೆ ಅವರು ಬಸ್ಸಿನ ಬದಿಗೆ ಬಡಿದಂತೆ ನಮ್ಮ ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿದರು.

"ಗುಳಿಗಿ ತಗೊಂಡ್ರೇನ್ರಿ? ಹಂಗಾರ ರೈಟ್, ನಡೀರಿ!"

ದಿನಾ ಇದೇ ಮಾತು. ಮರಿಕಲ್ ರಸ್ತೆಯಲ್ಲಿ ಮೊದಲು ಬೇವಿನ ಮರದವರೆಗಷ್ಟೇ ಹೋಗುತ್ತಿದ್ದೆವು, ಬರಬರುತ್ತ ದೂರ ಹೆಚ್ಚಿತು. ನನ್ನ ದುಃಖದ ಕಾರಣವನ್ನು ಅವರು ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ನಾನು ಇಂದಿಗೂ ಕೃತಜ್ಞ.

ಮನಸ್ಸು ತುಸು ಹಗುರಾದಾಗ, "ಗುಳಿಗಿ ಬಿಟ್ಟೀನ್ರಿ. ನಡಿಗೀನೇ ಸಾಕು" ಎಂದೆ.

ಅವರು ನಡುರಸ್ತೆಯಲ್ಲೇ ನಿಂತುಬಿಟ್ಟರು. "ಡಾಕ್ಟ್ರು ಬಿಡು ಅಂದಾರೇನ್ರಿ? ಇದು ಅದರ ಬದ್ಲಿ ಅಲ್ರಿ, ಅದರ ಜೋಡಿ!" ಎಂದು ಅಂದೇ ನನ್ನನ್ನು ಡಾಕ್ಟರ ಬಳಿಗೆ ಕರೆದೊಯ್ದರು.

ಕೆಲವು ತಿಂಗಳ ಮೇಲೆ, ನಡೆಯುತ್ತಿದ್ದಾಗ, "ಹೊಟ್ಟಿ ಹಸದೈತ್ರಿ" ಎಂದೆ. ಎಷ್ಟೋ ಕಾಲದಿಂದ ನನ್ನ ಬಾಯಲ್ಲಿ ಬಾರದ ಮಾತದು. ಅವರು ಕೂಡಲೇ ಹೋಟೆಲಿಗೆ ಕರೆದೊಯ್ದರು. ನಾನು ತಿಂದು ಮುಗಿಸುವವರೆಗೂ ತಮ್ಮ ತಟ್ಟೆ ಮುಟ್ಟದೆ, ನನ್ನನ್ನೇ ನೋಡುತ್ತ ಕುಳಿತಿದ್ದರು.