ಕೆಮ್ಮುವ ಹೆಂಗಸಿಗೆ ಯಾರ ಮುಖ

ನಾನು ಬರೆದ ಚಿತ್ರದಲ್ಲಿ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಕಮಲಾಪುರದ ಹೆಂಗಸರು ಕೆಮ್ಮಿನ ಗೋಜಿಗೇ ಹೋಗದೆ, ಈಕೆ ಯಾರ ಮನೆಯವಳು ಎಂದು ಕೇಳಿದರು. ಯಾರ ಮನೆಯವಳೂ ಅಲ್ಲ, ಸುಮ್ಮನೆ ಒಬ್ಬ ಹೆಂಗಸು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಮನೆಗೂ ಸೇರದ ಹೆಂಗಸು ಎಲ್ಲಾದರೂ ಇರುತ್ತಾಳೆಯೇ?

ನಾನು ಕುಂದಾಪುರದವಳು. ಅಲ್ಲಿ ಶಾಲೆಯ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದೆ. ಕ್ಷಯರೋಗದ ಬಗ್ಗೆ ಊರವರನ್ನೂ ಜೊತೆಗೆ ಕೂರಿಸಿಕೊಂಡು ನಡೆಸುವ ಸಂಶೋಧನೆಯೊಂದಕ್ಕೆ ಗೋಡೆಗೆ ಅಂಟಿಸುವ ಚಿತ್ರ ಬರೆಯಲೆಂದು ಕಲಬುರಗಿಗೆ ಬಂದೆ. ಅಲ್ಲಿನ ಬ್ರಹ್ಮಪುರದಲ್ಲಿ ಬಾಡಿಗೆ ಕೋಣೆ ಸಿಕ್ಕಿತು. ಮೀನಿನ ಮಾತೆತ್ತಬಾರದೆಂದು ಮನೆಯೊಡತಿ ಮೊದಲೇ ಹೇಳಿಬಿಟ್ಟರು. ಬಿಸಿಲಂತೂ, ಅಬ್ಬಬ್ಬಾ, ಸಮುದ್ರದ ಗಾಳಿಯಲ್ಲಿ ಬೆಳೆದವಳಿಗೆ ಹೇಳಿಸಿದ್ದಲ್ಲ. ನನ್ನ ಕನ್ನಡ ಇಲ್ಲಿನವರಿಗೆ ಟಿವಿಯೊಳಗಿನ ಮಾತು. ಭಾನುವಾರಗಳಲ್ಲಿ ಸುಮ್ಮನೆ ಮಲಗಿ ಅಳುತ್ತಿದ್ದೆ.

ಆಗ ನನ್ನನ್ನು ಮನೆಗೆ ಕರೆದವರು ಶಾಂತಮ್ಮ, ಕಲಬುರಗಿಗೆ ಹತ್ತಿರದ ಕಮಲಾಪುರದಲ್ಲಿ ನಡೆಯುವ ನಮ್ಮ ಸಂಶೋಧನೆಯ ಸಭೆಗಳಿಗೆ ತಪ್ಪದೆ ಬರುತ್ತಿದ್ದವರು. ಜೋಳದ ರೊಟ್ಟಿಗೆ ಪುಂಡಿಪಲ್ಯ ಬಡಿಸುತ್ತಿದ್ದರು. ಪುಂಡಿ ಎಂದರೆ ಹುಳಿ ಹುಳಿಯಾದ ಒಂದು ಸೊಪ್ಪು. ಕುಚ್ಚಲಕ್ಕಿ ಅನ್ನವಿಲ್ಲದೆ ಊಟವೇ ಅಲ್ಲ ಎನ್ನುತ್ತಿದ್ದವಳು ಮೂರು ತಿಂಗಳಲ್ಲಿ ಎರಡು ರೊಟ್ಟಿ ಮುಗಿಸುವಷ್ಟಾದೆ. ರೊಟ್ಟಿ ಬಡಿಯಲು ಹೋಗಿ ಮಾತ್ರ ಓಣಿಗೆಲ್ಲ ನಗೆಪಾಟಲಾದೆ.

ನಮ್ಮಂಥವರನ್ನೇ ಬರೆಯಿರಿ ಎಂದು ಸಭೆಯಲ್ಲಿ ಹೆಂಗಸರು ಹೇಳಿದಾಗ ನನ್ನ ಕೈ ಶಾಂತಮ್ಮನ ಮುಖವನ್ನೇ ಬರೆಯಿತು. ಅಗಲ ಹಣೆ, ಹುಬ್ಬಿನ ಮೇಲಿನ ಹಳೆಯ ಗಾಯ, ಎಲ್ಲವನ್ನೂ. ಪ್ರೀತಿಯಿಂದ ಬರೆದೆ. ಅವರೂ ನೋಡಿ ನಕ್ಕರು. ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಚಿತ್ರ ಗೋಡೆ ಗೋಡೆಗೆ ಹತ್ತಿದ ತಿಂಗಳೊಳಗೆ ಶಾಂತಮ್ಮನಿಗೆ ಕ್ಷಯ ಎಂದು ಊರಲ್ಲಿ ಗುಲ್ಲಾಯಿತು. ಮಗಳು ಭಾಗ್ಯಳಿಗೆ ಶರಣಸಿರಸಗಿಯಿಂದ ಬಂದಿದ್ದ ಸೋಯರಿಕೆ ನಿಂತುಹೋಯಿತು. ಬೀಗತನಕ್ಕೆ ಇಲ್ಲಿ ಹಾಗೆನ್ನುತ್ತಾರೆ.

ಚಿತ್ರಗಳನ್ನೆಲ್ಲ ನಾನೇ ಕಿತ್ತೆ. ಶಾಂತಮ್ಮನ ಕಫ ಪರೀಕ್ಷೆ ಮಾಡಿಸಿ, ರೋಗವಿಲ್ಲವೆಂಬ ಚೀಟಿ ಹಿಡಿದು ಗಂಡಿನವರ ಮನೆಗೂ ಹೋದೆ. ಚಹಾ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂದರು. ಬರುವಾಗ ಬಸ್ಸಿನಲ್ಲಿ ನನ್ನ ಕೈಯ ಮೇಲೇ ನನಗೆ ಸಿಟ್ಟು ಬಂತು.

ಶಾಂತಮ್ಮ ಬೈಯಲಿಲ್ಲ. “ಗ್ವಾಡಿ ಮ್ಯಾಲಿಂದು ತಗದ್ರಿ, ಅಕ್ಕಾರ. ಮಂದಿ ಕಣ್ಣಾಗಿಂದು ಹ್ಯಾಂಗ ತಗೀತೀರಿ?” ಎಂದರಷ್ಟೆ.

ಮುಂದಿನ ಸಭೆಗೆ ಮುಖವೇ ಇಲ್ಲದ ಹೆಂಗಸನ್ನು ಬರೆದುಕೊಂಡು ಹೋದೆ. ದೆವ್ವದ ಹಾಗಿದೆ ಎಂದು ಎಲ್ಲರೂ ಬೇಡವೆಂದರು. ಹಾಗಾದರೆ ಯಾರ ಮುಖ ಬರೆಯಲಿ ಎಂದೆ. ನನ್ನದು ಬೇಡ, ನನ್ನದು ಬೇಡ ಎಂದು ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಶಾಂತಮ್ಮ ನನ್ನ ಕಡೆ ನೋಡದೆಯೇ ಹೇಳಿದರು: “ನಿಮ್ಮ ಮಾರಿನೇ ಬರೀರಿ. ನೀವು ಇಂದಿಲ್ಲ ನಾಳಿ ಹೋಗೋರಿದ್ದೀರಿ. ನಿಮಗೇನಾಗ್ತದರಿ?”

ಅದರಲ್ಲಿ ಕೊಂಕೇನೂ ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಕನ್ನಡಿ ಎದುರಿಟ್ಟುಕೊಂಡು ನನ್ನ ಮುಖ ಬರೆದೆ. ಈಗ ಕಮಲಾಪುರದ ಗೋಡೆಗಳ ಮೇಲೆ ಕೆಮ್ಮುತ್ತಿರುವವಳು ನಾನು. ಬಸ್‌ ನಿಲ್ದಾಣದಲ್ಲಿ ಜನ ಗುರುತು ಹಿಡಿಯುತ್ತಾರೆ, ಕೆಲವರು ಸ್ವಲ್ಪ ಸರಿದು ಕೂರುತ್ತಾರೆ. ಭಾಗ್ಯಳ ಮದುವೆಯ ಮಾತು ಮತ್ತೆ ಕೂಡಿಬಂದಿಲ್ಲ. ಶಾಂತಮ್ಮ ಈಗಲೂ ರೊಟ್ಟಿ ಬಡಿಸುತ್ತಾರೆ, ನಾನೇ ಒಂದಕ್ಕೆ ಕೈ ತೊಳೆದುಬಿಡುತ್ತೇನೆ.

ಮೊನ್ನೆ ಅಮ್ಮ ಫೋನು ಮಾಡಿ, ಅಲ್ಲಿ ಎಂಥ ಚಿತ್ರ ಬರೆಯುತ್ತೀ, ಒಂದಾದರೂ ಕಳಿಸು ಎಂದಳು. ಗೋಡೆಯ ಮೇಲಿನ ಚಿತ್ರದ ಫೋಟೋ ನನ್ನ ಹತ್ತಿರವೇ ಇತ್ತು. ಕಳಿಸಲಿಲ್ಲ. ಅಮ್ಮ ಅದನ್ನು ನಾಲ್ಕು ಮನೆಗೆ ತೋರಿಸದೆ ಇರುವವಳಲ್ಲ, ಊರಲ್ಲಿ ನನ್ನ ತಂಗಿಗೆ ಗಂಡು ನೋಡುತ್ತಿದ್ದಾರೆ.