ಹಾಸು ಮುಗಿಯುವ ತನಕ

ಚಳ್ಳಕೆರೆಯಲ್ಲಿ ನಾನೊಬ್ಬನೇ ಇರುವ ಮನೆಗೆ ಬೆಳಿಗ್ಗೆ ಯಾರೂ ಬರುವುದಿಲ್ಲ. ಹಾಲಿನವನು ಕೂಡ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ. ಹಾಗಾಗಿ ಎಂಟು ಗಂಟೆಗೆ ಕಂಪ್ಯೂಟರ್ ತೆರೆದು, ಜಾಲತಾಣಕ್ಕೆ ಯಾರು ಬಂದುಹೋದರೆಂದು ನೋಡುವುದು ನನಗೆ ಅಭ್ಯಾಸ. ಮೊಳಕಾಲ್ಮೂರಿನ ನೇಕಾರರಿಗೆ ನಾನೇ ಮಾಡಿಕೊಟ್ಟ ತಾಣ ಅದು. ಸೀರೆ ಕೊಳ್ಳುವವರು ಯಾವಾಗಲೋ ಒಮ್ಮೆ ಬರುತ್ತಿದ್ದರು. ದಿನವೂ ತಪ್ಪದೆ ಬರುತ್ತಿದ್ದವರು ಒಬ್ಬರೇ.

ಅವರು ಅರವತ್ತು ದಾಟಿದ ನೇಕಾರ ಹೆಂಗಸು. ಅವರ ಗಂಡ ತೀರಿಕೊಳ್ಳುವ ಮುಂಚೆ, ಅಂಚಿನ ಹೂವಿಗೆ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಅವರ ಮನೆಮಾತು ತೆಲುಗಿನಲ್ಲಿ ಹೇಳಿದ್ದನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ತಾಣಕ್ಕೆ ಹಾಕಿದ್ದೆ. ಆಕೆ ಮಗ್ಗಕ್ಕೆ ಕೂರುವ ಮೊದಲು ಅದನ್ನು ಕೇಳುತ್ತಿದ್ದರು. ಅವರು ಬಂದುಹೋದ ಗುರುತು ತಾಣದಲ್ಲಿ ಕಂಡ ಮೇಲೆಯೇ ನಾನು ಕಾಫಿಗೆ ನೀರಿಡುತ್ತಿದ್ದೆ.

ಒಂದು ದಿನ ಎಚ್ಚರಿಕೆಯ ಇಮೇಲ್ ಬಂತು. ತಾಣವನ್ನು ಓಡಿಸುವ ಸರ್ವರ್ ತಂತ್ರಾಂಶದಲ್ಲಿ ದೋಷವಿದೆ, ಬಲ್ಲವರು ಪಾಸ್‌ವರ್ಡ್ ಇಲ್ಲದೆಯೇ ಒಳಗೆ ನುಗ್ಗಬಹುದು, ಕೂಡಲೇ ಹೊಸ ಆವೃತ್ತಿ ಹಾಕಿ ಎಂದು. ಹಾಕಿದರೆ ಹಳೆಯ ಪುಟಗಳನ್ನೆಲ್ಲ ಸರಿಪಡಿಸುವ ತನಕ ನಾಲ್ಕೈದು ದಿನ ತಾಣ ನಿಲ್ಲಬೇಕಿತ್ತು. ಆಕೆಗೆ ಫೋನ್ ಮಾಡಿದೆ.

"ಈ ಹಾಸು ಮಗ್ಗಕ್ಕೆ ಏರ್ಸಿದ್ದು ನಮ್ಮನೇವ್ರೇ ಕಣಪ್ಪ. ಇನ್ನೊಂದು ಸೀರೆ ಬಾಕಿ ಐತೆ. ಅದು ಮುಗಿಯೋಗಂಟ ನಿಲ್ಲಿಸ್ಬ್ಯಾಡ," ಎಂದರು.

ಹಾಸೆಂದರೆ ಮೂರ್ನಾಲ್ಕು ಸೀರೆಗಾಗುವಷ್ಟು ಉದ್ದದ ಎಳೆಗಳು; ಒಮ್ಮೆ ಮಗ್ಗಕ್ಕೆ ಏರಿಸಿದರೆ ಅದನ್ನು ಅವರ ಮನೆಯಲ್ಲಿ ನಡುವೆ ಕತ್ತರಿಸುವುದಿಲ್ಲ. ಆ ಕೆಲಸಕ್ಕೆ ಸೇರಿದ ಯಾವುದನ್ನೂ ನಡುವೆ ನಿಲ್ಲಿಸುವುದಿಲ್ಲ. ಆಯ್ತಮ್ಮ ಎಂದೆ. ಅವರ ಸಂಪ್ರದಾಯಕ್ಕೆ ತಲೆಬಾಗಿದೆ ಎಂದು ಆಗ ಹೇಳಿಕೊಂಡೆ. ಸುಳ್ಳು. ರೆಕಾರ್ಡಿಂಗನ್ನು ಅವರ ಫೋನಿಗೇ ಕಳಿಸಿ ತಾಣ ನಿಲ್ಲಿಸಬಹುದಿತ್ತು. ನಾಲ್ಕೈದು ಬೆಳಿಗ್ಗೆ ಯಾರೂ ಬರದ ಪುಟ ನೋಡುವುದು ನನಗೇ ಬೇಡವಾಗಿತ್ತು.

ಆರನೇ ದಿನ ಯಾರೋ ನುಗ್ಗಿ ಎಲ್ಲವನ್ನೂ ಅಳಿಸಿಹಾಕಿದ್ದರು. ನಕಲೊಂದು ಇಟ್ಟಿದ್ದೆ, ಬುದ್ಧಿವಂತ ನಾನು, ಅದೇ ಸರ್ವರ್‌ನಲ್ಲಿ. ರೆಕಾರ್ಡ್ ಮಾಡಿದ ಹಳೆಯ ಫೋನನ್ನು ಅಂಗಡಿಗೆ ಕೊಟ್ಟು ವರ್ಷವಾಗಿತ್ತು. ಊರಿಗೆಲ್ಲ ಕಂಪ್ಯೂಟರ್ ಪಾಠ ಹೇಳಿದವನ ಹಣೆಬರಹ ಇದು.

ಫೋನಿನಲ್ಲಿ ಹೇಳಲು ಮನಸ್ಸಾಗದೆ ಬಸ್ ಹತ್ತಿ ಮೊಳಕಾಲ್ಮೂರಿಗೆ ಹೋದೆ. ಆಕೆ ಮಗ್ಗದಿಂದ ಏಳಲಿಲ್ಲ. ನಾನು ಹೇಳುವಷ್ಟೂ ಹೊತ್ತು ಲಾಳಿ ಆಡುತ್ತಲೇ ಇತ್ತು. ಎಳೆಗಳ ಎಣಿಕೆಯನ್ನು ಬೇರೆ ನೇಕಾರರಿಂದ ಕೇಳಿ ಬರೆಸಿಕೊಡುತ್ತೇನೆ ಎಂದೆ.

ಲಾಳಿ ನಿಂತಿತು. "ಎಣಿಕೆ ನಂಗೆ ಬಾಯಿಪಾಠ ಐತಪ್ಪ. ನಡುವೆ ಒಂದ್ಕಡೆ ಕೆಮ್ತಾರಲ್ಲ, ಅದನ್ನ ಕೇಳಾಕೆ ಹಾಕ್ಕೊಳ್ತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕಾಫಿ ಕುಡಿದು ಹೋಗು ಎಂದರು. ಕುಡಿದೆ.

ಹಳೆಯ ಪುಟಗಳೇ ಇಲ್ಲದ ಮೇಲೆ ಹೊಸ ಆವೃತ್ತಿ ಹಾಕಲು ಕಾಲು ಗಂಟೆ ಸಾಕಾಯಿತು. ಮರುದಿನ ಎಂಟಕ್ಕೆ ಕಂಪ್ಯೂಟರ್ ತೆರೆದೆ. ಸರ್ವರ್ ಭದ್ರವಾಗಿತ್ತು. ಯಾರೂ ಬಂದಿರಲಿಲ್ಲ.