ಆಕೆಯ ಬೊಗಸೆಯ ಅಳತೆ

ಮೊನ್ನೆ ಮೊಮ್ಮಗಳು ಸಂಡೂರಿನ ನಮ್ಮ ಅಂಗಡಿಯಿಂದ ಬರ್ಗರ್ ತಂದು ಪೊಟ್ಟಣ ಬಿಚ್ಚಿದಳು. ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಮಾಡಿದ ರಂಜಕದ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಅದನ್ನು ‘ಅಜ್ಜಿ ರಂಜಕ’ ಅನ್ನುತ್ತಾರೆ. ಬೋರ್ಡಿನ ಮೇಲೆ ನನ್ನ ಫೋಟೋ ಬೇರೆ ಇದೆ. ಆದರೆ ಆ ರಂಜಕ ನನ್ನದಲ್ಲ. ಹೊಸಪೇಟೆಯಲ್ಲಿ ನಮ್ಮ ಮನೆಯ ಹಿಂದೆಯೇ ಇದ್ದ ಮನೆಯಾಕೆಯದು.

ಗಣಿ ಲಾರಿಗಳ ಧೂಳಿಗೆ ಹೊಸಪೇಟೆ ಕೆಂಪಾಗಿದ್ದ ಕಾಲ. ಮಗ ಯಾವುದೋ ಊರಲ್ಲಿ ಬರ್ಗರ್ ತಿಂದು ಬಂದು, ತಾನೂ ಬಂಡಿ ಇಟ್ಟ. ಬನ್ನಿನೊಳಗೆ ಆಲೂಗಡ್ಡೆ ವಡೆ. ಒಮ್ಮೆ ತಿಂದವರು ಮತ್ತೆ ಬರಲಿಲ್ಲ. ಹಿಂದಿನ ಮನೆಯಾಕೆ ಒಂದು ತುತ್ತು ತಿಂದು, “ಯಕ್ಕಾ, ಜರ ಬಂದೋರ ಊಟ ಇದ್ದಂಗ ಐತಿ ನೋಡು” ಅಂದಳು. ಮೆಟ್ರಿ ಹಳ್ಳಿಯ ಹೆಣ್ಣುಮಗಳು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ತಾನು ಕುಟ್ಟಿದ ರಂಜಕ ತಂದು ಬನ್ನಿಗೆ ಸವರಿದಳು. ಅಷ್ಟೇ, ಲಾರಿ ಡ್ರೈವರುಗಳು ಮುತ್ತಿಕೊಂಡರು.

“ಯವ್ವಾ, ಇದು ಖಾರನೋ, ಗಣಿ ಅದಿರೋ?” ಅಂತ ಒಬ್ಬ ಕೇಳಿದ.

“ಅದಿರಾಗಿದ್ರ ನಿನ್ನ ಲಾರಿಗೆ ತುಂಬತಿದ್ನಿ, ಹೊಟ್ಟಿಗಲ್ಲ” ಅಂದಳು.

ದಿನಾ ಬೆಳಿಗ್ಗೆ ಬಂಡಿಯ ಒಲೆ ಹಚ್ಚುತ್ತಿದ್ದವಳೂ ಆಕೆಯೇ...

ಸಂಡೂರಿನಲ್ಲಿ ಅಂಗಡಿ ತೆರೆಯುವ ಹೊತ್ತಿಗೆ ಆಕೆ ಬಾಯಿಬಿಟ್ಟು ಕೇಳಿದ್ದು ಒಂದೇ. “ಯಕ್ಕಾ, ಆ ಒಲಿ ನಾ ಹಚ್ಚಲೇನು?”

“ಬ್ಯಾಡವ್ವಾ, ಶುಭದ ದಿನ. ಮುತ್ತೈದೇರು ಹಚ್ಚಲಿ. ನೀ ಮಧ್ಯಾಹ್ನ ಬಾ” ಅಂದೆ. ಬಂಡಿಯ ಒಲೆಗೆ ಇಲ್ಲದ ಶಾಸ್ತ್ರ ಅಂಗಡಿಯ ಒಲೆಗೆ ಬಂದುಬಿಟ್ಟಿತ್ತು. ಆಕೆ ಮಧ್ಯಾಹ್ನ ಬರಲಿಲ್ಲ, ಮರುದಿನವೂ ಇಲ್ಲ.

ರಂಜಕ ನಾನೇ ಕುಟ್ಟಿದೆ. ಒಂದು ಪುಟ್ಟಿ ತುಂಬ ಮೆಣಸಿನಕಾಯಿಗೆ ಎರಡು ಬೊಗಸೆ ಉಪ್ಪು ಅಂತ ಆಕೆ ಹೇಳಿದ್ದು ನೆನಪಿತ್ತು. ಆಕೆಯವು ಸಣ್ಣ ಕೈ, ನನ್ನವು ಸಲಿಕೆಯಂಥವು. ಉಪ್ಪಿಗೆ ಬಾಯಿಗಿಡಲಾಗಲಿಲ್ಲ. ನಾಚಿಕೆ ಬಿಟ್ಟು ಆಕೆಯ ಮನೆಗೆ ಹೋದೆ.

“ನನ್ನ ಕೈ ಬೇಕಾತೇನ್ರಿ? ಮಾರಿ ನೋಡೂದು ಬ್ಯಾಡಾಗಿತ್ತಲ್ಲ?” ಅಂದಳು.

ಅಲ್ಲಿಯವರೆಗೆ ನನ್ನನ್ನು ‘ಯಕ್ಕಾ, ನೀನು’ ಅನ್ನುತ್ತಿದ್ದವಳು ಆವತ್ತು ‘ರೀ’ ಹಚ್ಚಿದಳು. ಆದರೂ ಬೈದು ಕಳಿಸಲಿಲ್ಲ. ಎರಡು ಬೊಗಸೆ ಉಪ್ಪು ಅಳೆದು ನನ್ನ ಸ್ಟೀಲ್ ಬಟ್ಟಲಿಗೆ ಸುರಿದಳು. “ಇಲ್ಲಿಗೊಂದು ಗೀಟು ಹಾಕ್ಕೋರಿ. ಇನ್ನ ನಾ ಬರೂದು ಬೇಕಾಗಂಗಿಲ್ಲ.”

ತಪ್ಪಾಯಿತು ಅನ್ನಲು ಅದೇ ಹೊತ್ತು. ಅನ್ನಲಿಲ್ಲ. ಗೀಟು ಹಾಕಿಕೊಂಡು ಬಂದೆ. ಅಳತೆ ಸಿಕ್ಕ ಮೇಲೆ ಆಕೆ ನನಗೆ ಬೇಕಾಗಲೂ ಇಲ್ಲ... ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಆಕೆ ಮೆಟ್ರಿಗೆ ಹೋಗಿ ಅಲ್ಲೇ ತೀರಿಕೊಂಡಳು. ಅಂಗಡಿ ಗದ್ದಲ ಅಂತ ನೆವ ಹೇಳಿ ಮಣ್ಣಿಗೂ ಹೋಗಲಿಲ್ಲ.

ಆಮೇಲೆ ನನ್ನ ಗಂಡನೂ ಹೋದರು. ಮುಂದಿನ ವರ್ಷ ಕಂಪ್ಲಿಯಲ್ಲಿ ಇನ್ನೊಂದು ಅಂಗಡಿ. ಮಗ ಬೆಂಕಿಪೊಟ್ಟಣ ನನ್ನ ಕೈಗಿಟ್ಟು, “ಯವ್ವಾ, ನೀನ ಹಚ್ಚು” ಅಂದ. ಬೋಳು ಹಣೆಯಲ್ಲೇ ಹಚ್ಚಿದೆ. ನೆರೆದವರು ಚಪ್ಪಾಳೆ ತಟ್ಟಿದರು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. “ಆವತ್ತು ನೀ ಹಚ್ಚಿದಾಗ ಯಾರೂ ಏನೂ ಅನ್ಲಿಲ್ಲೇನಜ್ಜಿ?” ಅಂದಳು.

ಇಲ್ಲ. ಅನ್ನುವ ಹಕ್ಕಿದ್ದವಳು ಒಬ್ಬಳೇ. ಆಕೆಯನ್ನು ನಾನೇ ಕಳೆದುಕೊಂಡಿದ್ದೆ.